ಎಡತುದಿಯಲ್ಲಿ ಹಳದಿ ಸೀರೆ

ನನ್ನ ಮುಖವನ್ನು ಸಿನಿಮಾ ನಾಯಕಿಯ ಮೈಗೆ ಅಂಟಿಸಿಕೊಂಡ ಮೊದಲ ಭಾನುವಾರ ನಾನು ಊಟವನ್ನೇ ಮರೆತಿದ್ದೆ. ಫೋನಿನಲ್ಲೊಂದು ಆ್ಯಪ್. ನಮ್ಮ ಒಂದು ಫೋಟೊ ಮತ್ತು ಬೇಕಾದ ಸಿನಿಮಾದ ತುಣುಕು ಕೊಟ್ಟರೆ ಸಾಕು, ಅಲ್ಲಿರುವವರ ಮುಖ ತೆಗೆದು ನಮ್ಮದನ್ನು ಕೂರಿಸಿಬಿಡುತ್ತದೆ. ನಲವತ್ತೈದು ದಾಟಿದ ನಾನು ಮಿಯಾಪುರದ ಫ್ಲ್ಯಾಟಿನ ಸೋಫಾದಲ್ಲಿ ನೈಟಿಯಲ್ಲೇ ಕೂತು ಕುದುರೆ ಓಡಿಸಿದೆ, ಖಳನಾಯಕನ ಕೆನ್ನೆಗೆ ಬಾರಿಸಿದೆ, ಹಿಮದ ಬೆಟ್ಟದ ಮೇಲೆ ತೆಳ್ಳನೆಯ ಸೀರೆ ಉಟ್ಟು ಕುಣಿದೆ. ಚಳಿ ಆಗಲಿಲ್ಲ.

ನಾನು ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆ್ಯಪಿನ ಹುಳುಕೂ ಬೇಗ ಗೊತ್ತಾಯಿತು. ನಾಯಕಿ ಪೂರ್ತಿ ಕತ್ತು ತಿರುಗಿಸಿದರೆ ನನ್ನ ದವಡೆ ಕರಗುತ್ತಿತ್ತು. ಅವಳು ಕೈಯಿಂದ ಮುಖ ಮುಚ್ಚಿಕೊಂಡರೆ ನನ್ನ ಮೂಗು ಅವಳ ಬೆರಳಿನ ಮೇಲೆ ಮೂಡುತ್ತಿತ್ತು. ಆದರೂ ಜಂಬ ತಡೆಯಲಾರದೆ ಎಲ್ಲವನ್ನೂ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೊದಲು ಉತ್ತರ ಕೊಟ್ಟವರು ಸನತ್‌ನಗರದಲ್ಲಿರುವ ನನ್ನ ಸೋದರತ್ತೆ. ಅವರು ಬೆರಳಚ್ಚು ಮಾಡುವವರಲ್ಲ, ಮಾತನಾಡಿ ಕಳಿಸುವವರು. "ಭಾಳ ಚಂದ ಕಾಣಾಕತ್ತೀಯವಾ. ನಮ್ಮ ಹೀರೋಯಿನ್ ವೈನಿದೂ ಒಂದು ಮಾಡು. ಅಕಿ ಆಸೆನೂ ತೀರಲಿ!" ಎಂದು ನಕ್ಕಿದ್ದರು. ಹಿಂದಿನಿಂದ ಇನ್ನೂ ನಾಲ್ಕು ಜನ ನಕ್ಕಿದ್ದು ಕೇಳಿಸಿತು.

ಹೀರೋಯಿನ್ ವೈನಿ ಅಂದರೆ ಅತ್ತೆಯ ಅತ್ತಿಗೆ, ನಮ್ಮವ್ವ. ಈ ಅಡ್ಡಹೆಸರಿಗೆ ಹೆಚ್ಚುಕಡಿಮೆ ಮೂವತ್ತೈದು ವರ್ಷ ವಯಸ್ಸು. ರಾಯಚೂರು ಕಡೆಯಿಂದ ಬಂದ ಅಪ್ಪ ಸನತ್‌ನಗರದ ನಟ್ಟು ಬೋಲ್ಟಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಕಾಲ. ನಮ್ಮ ಓಣಿಗೆ ಆಗಾಗ ಒಬ್ಬ ಏಜೆಂಟ್ ವ್ಯಾನು ತಂದು ಸಿನಿಮಾದ ಗುಂಪಿನ ದೃಶ್ಯಗಳಿಗೆ ಹೆಂಗಸರನ್ನು ಕರೆದೊಯ್ಯುತ್ತಿದ್ದ. ಸಂತೆ, ಮದುವೆ, ಮೆರವಣಿಗೆ, ಯಾವುದಕ್ಕಾದರೂ ಸರಿ. ಎಂದೂ ಅಡುಗೆಮನೆ ಬಿಟ್ಟು ಹೊರಗೆ ಮಾತನಾಡದ ಅವ್ವ ಒಂದು ದಿನ ಅಪ್ಪನಿಗೆ ಹೇಳಿ ಆ ವ್ಯಾನು ಹತ್ತಿದಳು, ಆಮೇಲೆ ಎರಡು ವರ್ಷ ಹತ್ತುತ್ತಲೇ ಇದ್ದಳು. ಹೆಚ್ಚಿನ ಸಿನಿಮಾಗಳಲ್ಲಿ ಅವಳ ಬೆನ್ನು ಕೂಡ ಬರಲಿಲ್ಲ. ಆದರೆ ಒಂದರಲ್ಲಿ ತನ್ನ ಮುಖ ಬಂದಿದೆ ಎಂದು ಅವಳು ಹಟ ಹಿಡಿದಿದ್ದಳು.

ಆ ಸಿನಿಮಾದ ಹೆಸರು ಇಲ್ಲಿ ಬೇಡ. ವಕೀಲೆಯಾದ ನಾಯಕಿ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಗುಂಡು ಹಾರುತ್ತದೆ, ಅವಳು ಬೀಳುತ್ತಾಳೆ, ನೆರೆದ ಜನ ಕೂಗುತ್ತಾರೆ. ಹೈದರಾಬಾದಿನ ಮನೆಮನೆಯಲ್ಲೂ ಕಣ್ಣೀರು ಹಾಕಿಸಿದ ದೃಶ್ಯ ಅದು. ಆ ಜನರಲ್ಲಿ ಎಡತುದಿಗೆ ಹಳದಿ ಸೀರೆ ಉಟ್ಟು ನಿಂತಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಥಿಯೇಟರಿಗೆ ಎಲ್ಲರೂ ಹೋಗಿದ್ದೆವು. ಆದರೆ ನಮ್ಮ ಕಣ್ಣೆಲ್ಲ ನಾಯಕಿಯ ಮೇಲೆ. ಅವ್ವ ತನ್ನನ್ನು ತಾನು ನೋಡಿಕೊಂಡಳು, ನಾವ್ಯಾರೂ ನೋಡಲಿಲ್ಲ. ಮುಂದೆ ಟಿವಿಯಲ್ಲಿ ಬಂದಾಗ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು. ಎಡತುದಿಯಲ್ಲಿ ಹಳದಿ ಸೀರೆಯೇ ಇರಲಿಲ್ಲ.

"ಟಿವಿಯವರು ನನ್ನ ಕತ್ತರಿಸ್ಯಾರ" ಎಂದಳು ಅವ್ವ.

ಅತ್ತೆ ನಗುವುದು ಅವತ್ತು ಶುರುವಾಯಿತು. ನನಗಾಗ ಹತ್ತೋ ಹನ್ನೊಂದೋ. ನಾನೂ ನಕ್ಕೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವ್ವ ಕಥೆ ಕಟ್ಟುತ್ತಾಳೆ ಎಂದೇ ನಾನು ದೊಡ್ಡವಳಾದೆ.

ಅತ್ತೆಯ ಮಾತು ಕೇಳಿ ನನಗೂ ಹುಮ್ಮಸ್ಸು ಬಂತು. ಅದೇ ಕೋರ್ಟಿನ ದೃಶ್ಯ ತೆಗೆದುಕೊಂಡು ನಾಯಕಿಗೆ ಅವ್ವನ ಮುಖ ಕೂರಿಸಿದೆ. ಎಪ್ಪತ್ತರ ಅವ್ವ ಕಪ್ಪು ಕೋಟು ಹಾಕಿ ಮೆಟ್ಟಿಲಿಳಿದಳು, ಗುಂಡು ತಿಂದಳು, ಮೂಗುಬೊಟ್ಟಿನ ಸಮೇತ ಪ್ರಾಣ ಬಿಟ್ಟಳು. ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನ್ನ ಜೊತೆಯೇ ಇರುವ ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದಳು.

"ಚಂದ ಐತಿ," ಎಂದಳು. "ಆದ್ರ ಮಾರಿ ಅಷ್ಟ ನಂದು, ಮೈ ಅಕಿದು. ಇದನ್ನ ತೊಗೊಂಡು ನಾ ಏನ್ ಮಾಡ್ಲಿ? ನಂದ ಒಂದು ಐತಲ್ಲ, ಅದನ್ನ ತೋರಿಸು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಚುಚ್ಚಿತು. ಆ ಸಂಜೆ ಹಳೆಯ ಸಿನಿಮಾಗಳನ್ನು ತೊಳೆದು ಹೊಸದು ಮಾಡಿ ಬಿಡುವ ಒಂದು ಇಂಟರ್ನೆಟ್ ಚಾನೆಲಿನಲ್ಲಿ ಅದೇ ಸಿನಿಮಾ ಸಿಕ್ಕಿತು. ಥಿಯೇಟರಿನಲ್ಲಿದ್ದಷ್ಟೇ ಅಗಲದ ಪ್ರತಿ. ಹಳೆಯ ಟಿವಿಯ ಡಬ್ಬಿಯಂಥ ಪರದೆಗೆ ಹೊಂದಲೆಂದು ಚಿತ್ರದ ಎರಡೂ ಬದಿ ಕೊಯ್ದುಹಾಕುತ್ತಿದ್ದರು ಎಂಬುದು ನೋಡಿದ ಮೇಲೆ ಹೊಳೆಯಿತು. ಗುಂಡು ಹಾರುವ ಜಾಗದಲ್ಲಿ ನಿಲ್ಲಿಸಿದೆ. ಎಡತುದಿಯಲ್ಲಿ ಹಳದಿ ಸೀರೆ. ಅದನ್ನುಟ್ಟವಳು ನನ್ನವ್ವ, ಈಗಿನ ನನಗಿಂತ ಹದಿನೈದು ವರ್ಷ ಚಿಕ್ಕವಳು. ನನಗೆ ಅಳು ಬಂತು, ಜೋರಾಗಿಯೇ ಅತ್ತುಬಿಟ್ಟೆ. ಅವ್ವ ಮಾತ್ರ ಪರದೆಯ ಮೇಲೆ ಬೆರಳಿಟ್ಟು, "ಕುಂಕುಮ ಸ್ವಲ್ಪ ಅಡ್ಡಾಗೇತಿ" ಎಂದಳು.

ಕೂಡಲೇ ಆ ತುಣುಕನ್ನು ಗುಂಪಿಗೆ ಕಳಿಸಿದೆ. ಸೋದರತ್ತೆಯ ಧ್ವನಿ ಬಂತು. "ಇದಂತೂ ಮೊದಲಿನದಕ್ಕಿಂತ ಚಂದ ಮಾಡೀಯವಾ! ವೈನಿನ್ನ ಹರೇದಾಕಿ ಮಾಡಿಬಿಟ್ಟೀಯಲ್ಲ. ಖರೇನ ಅನ್ನಿಸ್ತೈತಿ ನೋಡು." ಇದು ಮಾಡಿದ್ದಲ್ಲ, ನಿಜವಾದದ್ದು ಎಂದು ಬರೆದೆ. ಅವರ ಮಗ, ಟಿವಿಯಿಂದ ಇಳಿಸಿಕೊಂಡ ಹಳೆಯ ಪ್ರತಿಯ ಅದೇ ದೃಶ್ಯ ಹಾಕಿ, ಇದರಲ್ಲಿ ನಿಮ್ಮವ್ವ ಎಲ್ಲಿದ್ದಾರೆ ಎಂದು ಕೇಳಿ ನಗುವ ಗೊಂಬೆ ಇಟ್ಟ. ಅಷ್ಟು ವರ್ಷ ಯಾರೂ ನಂಬದ ಮಾತಿಗೆ ಸಾಕ್ಷಿ ಸಿಕ್ಕಿದ ದಿನವೇ ಅದು ಸುಳ್ಳಾಗುವಂತೆ ಮಾಡಿದ್ದೆ. ಬೆಳಗಿನಿಂದ ಸುಳ್ಳು ಮುಖಗಳನ್ನು ಹಂಚಿದವಳು ನಾನೇ ತಾನೆ?

ಮುಂದಿನ ಭಾನುವಾರ ಅತ್ತೆಯ ಸೊಸೆಗೆ ಕುಬಸ. ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ, ಹಿರಿಯಳಾಗಿ ಅವ್ವ ಇರಲೇಬೇಕು. "ನಾ ಬರಂಗಿಲ್ಲ, ನೀನ ಹೋಗಿ ಬಾ" ಎಂದಳು. ಯಾಕೆ ಎಂದರೆ ಮೊಣಕಾಲು ಎಂದಳು. ಮೊಣಕಾಲು ನೆಟ್ಟಗೇ ಇತ್ತು.

ಆ ವಾರ ಆಫೀಸಿನ ಕೆಲಸ ಬದಿಗಿಟ್ಟು ಅವ್ವ ಕಾಣುವ ಆ ಎರಡು ಸೆಕೆಂಡನ್ನು ಒಂದೊಂದೇ ಚಿತ್ರವಾಗಿ ಸರಿಸಿ ಸರಿಸಿ ನೋಡಿದೆ. ಅಗಲದ ಪ್ರತಿಯನ್ನು ಅತ್ತೆಯವರದೇ ಟಿವಿಯಲ್ಲಿ ತೋರಿಸಬಹುದು, ಸರಿ. ಆಗ ಯಾರೋ ಹಾಗೆ ಕಾಣುವವಳು ಎನ್ನುತ್ತಾರೆ. ಮುಖ ಇರುವುದೇ ಹುಣಸೆಬೀಜದಷ್ಟು. ಗುರುವಾರ ಮಧ್ಯಾಹ್ನ ನನ್ನ ಕಣ್ಣಿಗೆ ಒಂದು ತಪ್ಪು ಬಿತ್ತು. ಗುಂಡು ಹಾರಿದ ಮರುಗಳಿಗೆ ಎಲ್ಲರ ಬಾಯಿಯೂ ಅಗಲವಾಗಿ ತೆರೆದಿದೆ, ಒಬ್ಬರದೂ ಮುಚ್ಚುವುದಿಲ್ಲ. ಅವ್ವನದು ಮಾತ್ರ ತೆರೆದು, ತುಟಿಗೆ ತುಟಿ ಗಟ್ಟಿಯಾಗಿ ಕೂಡಿ, ಮತ್ತೆ ತೆರೆಯುತ್ತದೆ.

"ಯವ್ವಾ, ಅವತ್ತ ನೀ ಏನಂತ ಒದರಿದ್ದಿ?"

"ಎಲ್ಲಾರೂ ಒದರಿದ್ದ ನಾನೂ ಒದರೀನಿ."

"ಖರೇ ಹೇಳು."

ಬಿಡಿಸುತ್ತಿದ್ದ ಮೆಂತ್ಯಸೊಪ್ಪನ್ನು ಕೆಳಗಿಟ್ಟಳು. ಮುಖ ಸಣ್ಣದಾಯಿತು. "ಎಲ್ಲಾರೂ ಅಯ್ಯೋ ಅನ್ಬೇಕಂತ ಆ ಅಸಿಸ್ಟೆಂಟ್ ಡೈರೆಕ್ಟರ್ ತೆಲುಗಿನಾಗ ಹತ್ತು ಸಲ ಹೇಳಿದ್ದ. ತಾಲೀಮಿನಾಗ ಅಯ್ಯೋ ಅಂತನ ಅಂದೆ. ಖರೇ ಬಂದೂಕು ಢಂ ಅಂದಕೂಡ್ಲೆ ಎದಿ ಧಸಕ್ ಅಂತು, ಬಾಯಾಗ ಯಪ್ಪಾ ಅಂತ ಬಂದುಬಿಡ್ತು. ತೆಲುಗು ಸಿನಿಮಾದಾಗ ಕನ್ನಡ ಒದರೀನಿ. ಗೊತ್ತಾದ್ರ ನಾಳಿಂದ ವ್ಯಾನ್ ಹತ್ತಿಸ್ಕೊಳ್ಳಾಂಗಿಲ್ಲ ಅಂತ ಸುಮ್ನಾದೆ. ಯಾರಿಗೂ ಹೇಳಬ್ಯಾಡವಾ."

ನಾನು ಎದ್ದು ಅವಳನ್ನು ತಬ್ಬಿಕೊಂಡೆ. ಡೈರೆಕ್ಟರು, ಎಡಿಟರು, ಕೋಟಿ ಜನ ಪ್ರೇಕ್ಷಕರು, ಯಾರ ಕಣ್ಣಿಗೂ ಬೀಳದ ತಪ್ಪು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದೊಂದನ್ನು ನಾನು ಹಿಡಿದಿಲ್ಲ. ಹೇಳಬ್ಯಾಡ ಎಂದರೆ ಸುಮ್ಮನಿರುವ ಹೆಂಗಸೂ ನಾನಲ್ಲ.

ಭಾನುವಾರ ಮೊಣಕಾಲಿನ ನೆಪ ನಡೆಯಲಿಲ್ಲ. ಉಡಿ ತುಂಬಿ, ಊಟ ಮುಗಿದ ಮೇಲೆ, ಅತ್ತೆಯ ಮಗನಿಗೇ ರಿಮೋಟ್ ಕೊಟ್ಟು ಅವನ ಟಿವಿಯಲ್ಲೇ ಆ ಚಾನೆಲ್ ಹಚ್ಚಿಸಿದೆ. ನನ್ನ ಫೋನನ್ನು ಮುಟ್ಟಲಿಲ್ಲ. ಎಡತುದಿಯಲ್ಲಿ ಹಳದಿ ಸೀರೆ ಬಂದಾಗ ಅವನ ನಗು ನಿಂತಿತು. ಅತ್ತೆ ಮಾತ್ರ ಜಗ್ಗಲಿಲ್ಲ. "ಇರ್ಬೋದವಾ, ಯಾರೋ ವೈನಿ ಹಂಗ ಕಾಣೋಕಿ. ಇಷ್ಟ್ ಸಣ್ಣ ಮಾರ್ಯಾಗ ಏನ್ ತಿಳೀತೈತಿ?"

"ಮಾರಿ ಬಿಡ್ರಿ, ಬಾಯಿ ನೋಡ್ರಿ," ಎಂದೆ. ಅವತ್ತು ಗುಂಪಿಗೆ ಕಲಿಸಿದ್ದು ಅಯ್ಯೋ, ಅವ್ವನ ಬಾಯಿಂದ ಬಂದದ್ದು ನಮ್ಮ ಕನ್ನಡದ ಯಪ್ಪಾ ಎಂದು ತಿಳಿಸಿ, ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಅಯ್ಯೋ ಅನ್ನಲು ಹೇಳಿದೆ. ತುಟಿ ಕೂಡಲಿಲ್ಲ. ಈಗ ಯಪ್ಪಾ ಅನ್ನಿ ಎಂದೆ. ಹಸಿರು ಬಳೆಯ ಬಸುರಿಯಿಂದ ಹಿಡಿದು ಬಾಗಿಲಲ್ಲಿ ನಿಂತ ಪಕ್ಕದ ಮನೆಯ ತೆಲುಗು ಅಮ್ಮನವರೆಗೆ ಎಲ್ಲರೂ ಯಪ್ಪಾ ಎಂದರು, ಎಲ್ಲರ ತುಟಿಯೂ ಕೂಡಿತು. ಆಮೇಲೆ ಚಿತ್ರವನ್ನು ಮೆಲ್ಲಗೆ ಓಡಿಸಿದೆ. ಅಷ್ಟೂ ತೆರೆದ ಬಾಯಿಗಳ ನಡುವೆ ಒಂದೇ ಒಂದು ಬಾಯಿ ಮುಚ್ಚಿ ತೆರೆಯಿತು.

ಅತ್ತೆ ಟಿವಿಯ ಹತ್ತಿರ ಹೋಗಿ ನಿಂತರು. ಮತ್ತೊಮ್ಮೆ ಹಚ್ಚಿಸಿದರು. ಅವರ ತುಟಿಯೂ ಪರದೆಯ ಜೊತೆಗೆ ಕೂಡಿ ಬಿಟ್ಟಿತು. ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ನಾ ಅಲ್ಲಿದ್ರೂ ಯಪ್ಪಾ ಅಂತನ ಅಂತಿದ್ದೆ," ಎಂದರು. "ಇಕಿ ನಮ್ಮಾಕಿನ. ಇಷ್ಟು ವರ್ಷ ನಕ್ಕೆ, ತಪ್ಪಾತು ವೈನಿ."

ಅವ್ವ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಮಕ್ಕಳು ಅವಳ ಸುತ್ತ ಮುತ್ತಿಕೊಂಡು ನಾಯಕಿ ನಿಜಕ್ಕೂ ಅಷ್ಟು ಬೆಳ್ಳಗಿದ್ದಳಾ, ಗುಂಡು ನಿಜದ್ದಾ ಎಂದು ಕೇಳುತ್ತಿದ್ದರು. ಅವ್ವ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವಳನ್ನು ನೋಡುತ್ತಾ ನನಗೆ ಆದ ಹೆಮ್ಮೆ ನನ್ನ ಮಗಳಿಗೆ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ.

ಮಿಯಾಪುರಕ್ಕೆ ಹಿಂದಿರುಗುವ ಮೆಟ್ರೊದಲ್ಲಿ ಅವ್ವ ಮೆಲ್ಲಗೆ ಕೇಳಿದಳು. "ಮೊನ್ನಿ ತನಕ ನೀನೂ ನಂಬಿದ್ದಿಲ್ಲಲ್ಲ?"

ಸುಳ್ಳು ಹೇಳಬಹುದಿತ್ತು. "ಇಲ್ಲವ್ವ," ಎಂದೆ.

"ನನಗ ಗೊತ್ತಿತ್ತು. ಅವರೆಲ್ಲಾ ನಂಬಿದ್ರೇನು ಬಿಟ್ರೇನು. ನಿನಗೊಬ್ಬಾಕಿಗೆ ತೋರಿಸ್ಬೇಕಂತ ಭಾಳ ಇತ್ತು ನನಗ."

ಫೋನು ತೆಗೆದು ಆ ಎರಡು ಸೆಕೆಂಡನ್ನು ಹಚ್ಚಿ, ಪಕ್ಕದ ಸೀಟಿನಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸಿನ ಮುಂದೆ ಹಿಡಿದೆ. ಹಳದಿ ಸೀರೆಯನ್ನು ತೋರಿಸಿ, ಅವರಿಗೆ ಅರ್ಥವಾಗಲೆಂದು ತೆಲುಗಿನಲ್ಲಿ, ಇಡೀ ಬೋಗಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ಚೂಡಂಡಿ, ಈವಿಡ ಮಾ ಅಮ್ಮ."