ಗಡ್ಡ ಬೆಳೆಯುವವರೆಗೆ

ಚನ್ನಪಟ್ಟಣದ ತಾಲ್ಲೂಕು ಕಚೇರಿಗೆ ಟೈಪು ಯಂತ್ರ ಬಂದಾಗ ಅಲ್ಲಿದ್ದ ಗುಮಾಸ್ತರಲ್ಲೆಲ್ಲ ನಾನೇ ಕಿರಿಯವನು. ಯಂತ್ರವೇನೋ ಬಂತು, ಅದನ್ನು ಬಡಿಯುವವರು ಬರಲಿಲ್ಲ. ಮೂರು ತಿಂಗಳು ಅದು ಒಂದು ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ನನಗೆ ಸುಮ್ಮನಿರಲಾಗಲಿಲ್ಲ. ಊಟದ ಬಿಡುವಿನಲ್ಲಿ ಬಟ್ಟೆ ಸರಿಸಿ ಒಂದೊಂದೇ ಅಕ್ಷರ ಒತ್ತಿ ನೋಡಿದೆ. ಅದರ ಜೊತೆಯಲ್ಲಿ ಬಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಊಹಿಸಿಕೊಂಡೆ. ಬಲಗೈಯ ಎರಡು ಬೆರಳು, ಎಡಗೈಯ ಒಂದು ಬೆರಳು, ಇಷ್ಟರಲ್ಲೇ ಕೆಲಸ ಕಲಿತೆ. ಕಲಿತದ್ದೇ ತಪ್ಪಾಯಿತು ನೋಡಿ. ಅಲ್ಲಿಂದ ಮುಂದೆ ಕಚೇರಿಯ ಇಂಗ್ಲಿಷ್ ಕಾಗದವೆಲ್ಲ ನನ್ನ ಮೇಜಿಗೇ ಬಂದು ಬೀಳತೊಡಗಿತು. ಸಂಜೆ ಮನೆಗೆ ಹೋಗಿ ಮುದ್ದೆ ಮುರಿಯಲು ಕೈ ಹಾಕಿದರೆ ಬಲಗೈಯ ಆ ಎರಡು ಬೆರಳು ಬಾಗುತ್ತಿರಲಿಲ್ಲ. ಕತ್ತು ಹಿಡಿದುಕೊಂಡಿರುತ್ತಿತ್ತು. ನೌಕರಿಯೋ ಹಂಗಾಮಿ. ನಾಳೆಯಿಂದ ಬೇಡ ಎಂದರೆ ಬೇಡ, ಅಷ್ಟೇ.

ಆ ವರ್ಷವೇ ನನ್ನ ಹೆಂಡತಿ ಎರಡನೆಯ ಸಲ ಬಸುರಿಯಾದದ್ದು. ಮೊದಲನೆಯದು ಏಳನೆಯ ತಿಂಗಳಲ್ಲಿ ಹೋಗಿತ್ತು. ಆಗ ನಾನು ತಂಗಿಯ ಮದುವೆಗೆಂದು ತಲೆಗೂದಲು ಕತ್ತರಿಸಿಕೊಂಡು, ಗಡ್ಡ ಬೋಳಿಸಿಕೊಂಡು, ಚೆನ್ನಾಗಿ ಓಡಾಡಿದ್ದೆ. ನಮ್ಮ ಕಡೆ ಹೆಂಡತಿಗೆ ಐದು ತುಂಬಿದ ಮೇಲೆ ಗಂಡ ಕೂದಲಿಗೆ ಕತ್ತಿ ಮುಟ್ಟಿಸಬಾರದು, ತೆಂಗಿನಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು. ನಾನು ಓದಿದವನಲ್ಲವೇ, ನಕ್ಕುಬಿಟ್ಟಿದ್ದೆ. ಮಗು ಹೋದ ಮೇಲೆ ನನ್ನ ತಾಯಿ ಬೈಯಲಿಲ್ಲ. ಆದರೆ ನಾನು ಕನ್ನಡಿ ಮುಂದೆ ನಿಂತಾಗಲೆಲ್ಲ ಆಕೆ ಎದ್ದು ಹೊರಗೆ ಹೋಗುತ್ತಿದ್ದಳು. ಅದು ಬೈಗುಳಕ್ಕಿಂತ ಜಾಸ್ತಿಯಾಗಿತ್ತು.

ಹೀಗಾಗಿ ಈ ಸಲ ನಾನೇ ಮುಂದಾಗಿ ಗಡ್ಡ ಬಿಟ್ಟೆ. ಏಳರಲ್ಲಿ ಮಡಿಲು ತುಂಬಿ ಹೆಂಡತಿಯನ್ನು ಕೈಲಾಂಚದ ತೌರುಮನೆಗೆ ಕಳಿಸಿದೆವು. ನಾನೂ ತಾಯಿಯೂ ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ಉಳಿದೆವು. ಭಾನುವಾರ ಬಂದರೆ ಬೆಳಗಿನ ರೈಲು ಹತ್ತಿ ಕ್ಲೋಸ್‌ಪೇಟೆಯಲ್ಲಿ ಇಳಿಯುತ್ತಿದ್ದೆ. ರಾಮಗಿರಿ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡು ಎರಡೂವರೆ ಗಂಟೆ ನಡೆದು ಕೈಲಾಂಚ ಸೇರುತ್ತಿದ್ದೆ. ಅವಳು ಬಾಗಿಲಲ್ಲಿ ಕಾಲು ನೀಡಿ ಕೂತಿರುತ್ತಿದ್ದಳು. ಏನು ಮಾತಾಡುತ್ತಿದ್ದೆವು ಎಂದರೆ ಏನೂ ಇಲ್ಲ. ಕಾಲು ಊದಿದೆಯೇ, ಕೂಸು ಒದೆಯುತ್ತದೆಯೇ, ಇಷ್ಟೇ. ಉಂಡು, ಒಂದು ಗಳಿಗೆ ಜಗಲಿಯಲ್ಲಿ ಒರಗಿ, ಮತ್ತೆ ಅದೇ ದಾರಿ. ಸೋಮವಾರ ಬೆಳಿಗ್ಗೆ ಯಂತ್ರದ ಮುಂದೆ ಕೂತರೆ ಕಾಲು ಇನ್ನೂ ನಡೆಯುತ್ತಲೇ ಇದೆ ಅನ್ನಿಸುತ್ತಿತ್ತು.

ಏಳು ತುಂಬಿ ಎಂಟು ಬಿತ್ತು. ಅಷ್ಟರಲ್ಲಿ ಡೆಪ್ಯುಟಿ ಕಮಿಷನರು ಕಚೇರಿ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಕಚೇರಿಗೆ ಸುಣ್ಣ ಬಳಿದರು. ಜವಾನರು ರುಮಾಲು ಒಗೆಸಿಕೊಂಡರು. ಕಮಿಷನರು ಬರುವ ಹಿಂದಿನ ದಿನ ಅಮಲ್ದಾರರು ಎಲ್ಲರ ಮೇಜು ನೋಡುತ್ತ ಬಂದು ನನ್ನ ಮುಂದೆ ನಿಂತರು.

“ಏನಯ್ಯಾ ಇದು? ಮನೆಯಲ್ಲಿ ಯಾರಾದರೂ ತೀರಿಕೊಂಡರೇನು?”

“ಇಲ್ಲ ಸ್ವಾಮಿ. ಮನೆಯವಳಿಗೆ ಎಂಟು ತಿಂಗಳು.”

“ಬಸುರಿ ಅವಳು. ಗಡ್ಡ ನಿನಗೆ!”

ಕಚೇರಿಯೆಲ್ಲ ನಕ್ಕಿತು. ಅವರು ನಗಲಿಲ್ಲ. ಪಾಪ, ಅವರ ಮುಖವೂ ಒಂದು ವಾರದಿಂದ ನಿದ್ದೆಗೆಟ್ಟ ಮುಖವೇ.

“ನೋಡಯ್ಯಾ, ನಾಳೆ ದೊರೆಗಳ ಪಕ್ಕದಲ್ಲಿ ಕೂತು ಟೈಪು ಮಾಡಬೇಕಾದವನು ನೀನು. ಸಾವನದುರ್ಗದ ಕಾಡಿನಿಂದ ಹಿಡಿದು ತಂದ ಹಾಗಿದ್ದೀಯ. ಬೋಳಿಸಿಕೊಂಡು ಬಾ. ಆಗದಿದ್ದರೆ ನಾಳೆಯಿಂದ ಬರಲೇಬೇಡ.”

ಸಂಜೆ ಪೇಟೆಯ ಕ್ಷೌರಿಕನ ಹತ್ತಿರ ಹೋದೆ. ಅವನು ನಮ್ಮ ಬೀದಿಯವನೇ. ಕತ್ತಿ ಮಸೆಯುತ್ತಿದ್ದವನು ನನ್ನನ್ನು ನೋಡಿ ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟ.

“ನಾನ್ ಒಲ್ಲೆ ಸ್ವಾಮಿ. ನಿಮ್ಮವ್ವ ಆವತ್ತೇ ಬಂದು ಹೇಳ್ಬುಟ್ಟು ಹೋಗವ್ರೆ.”

“ಅಮಲ್ದಾರರ ಹುಕುಮು ಕಣಯ್ಯ. ನೌಕರಿ ಹೋಯ್ತದೆ.”

“ಅಮಲ್ದಾರ್ರು ಬಂದು ಬೋಳಿಸ್ಲಿ. ನಂಗೂ ಮಕ್ಕಳು ಮರಿ ಅವೆ. ಬಸುರಿ ಗಂಡನ ಗಡ್ಡಕ್ಕೆ ಕತ್ತಿ ಹಾಕಿ ಆ ಪಾಪ ನಾನ್ಯಾಕೆ ಕಟ್ಕಳ್ಳಲಿ?”

“ಮತ್ತೆ ನಾನೇನು ಮಾಡ್ಲಿ?”

“ಕತ್ತಿ ಬೇಕಾದ್ರೆ ತಕಂಡೋಗಿ. ಕೈ ಮಾತ್ರ ನಿಮ್ಮದು.”

ಕತ್ತಿ ತಂದೆ. ಮಾರನೆಯ ದಿನ ಬೆಳಿಗ್ಗೆ ತಾಯಿ ನೀರಿಗೆ ಹೋದ ಹೊತ್ತು ನೋಡಿ ಹಿತ್ತಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಅಂಗೈಯಗಲದ ಕನ್ನಡಿಯನ್ನು ಗೋಡೆಗೆ ಒರಗಿಸಿಕೊಂಡು ಗಡ್ಡಕ್ಕೆ ಕೈ ಹಾಕಿದೆ. ಟೈಪು ಒಬ್ಬನೇ ಕಲಿತವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಐದು ಕಡೆ ಕುಯ್ದುಕೊಂಡೆ. ಕೂದಲು ನೆಲಕ್ಕೆ ಬೀಳುತ್ತಿದ್ದಾಗ ನನಗೆ ಓದಿದವನ ಧೈರ್ಯ ಒಂದಿಷ್ಟೂ ಉಳಿದಿರಲಿಲ್ಲ.

ತಾಯಿ ಬಿಂದಿಗೆ ಇಳಿಸಿ ನನ್ನ ಮುಖ ನೋಡಿದಳು. ಆಮೇಲೆ ಅರಿಶಿನ ತಂದು ಗಾಯಗಳಿಗೆ ಒತ್ತಿದಳು.

“ಆದದ್ದು ಆಯ್ತು ಮಗ. ಅವಳಿಗೆ ಮಾತ್ರ ತಿಳೀಬಾರ್ದು. ಗಡ್ಡ ಬರಗಂಟ ಅತ್ತ ತಲೆ ಹಾಕ್ಬ್ಯಾಡ. ಬಸುರಿ ಎದೆ ಒಡ್ಕಂಡ್ರೆ ಕೂಸು ನಿಲ್ಲಾಕಿಲ್ಲ.”

ನನಗೂ ಅದೇ ಸರಿ ಅನ್ನಿಸಿತು. ಅನ್ನಿಸಿತು ಅಂದರೆ, ಅವಳ ಎದುರಿಗೆ ಆ ಮುಖ ಹೊತ್ತುಕೊಂಡು ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ.

ತಪಾಸಣೆ ಮೂರು ದಿನ ನಡೆಯಿತು. ದೊರೆಗಳು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ. ನನ್ನ ಮುಖವನ್ನು ಅವರು ಒಂದು ಸಲವೂ ನೋಡಲಿಲ್ಲ. ನಿಜವಾಗಿಯೂ ಒಂದು ಸಲವೂ ನೋಡಲಿಲ್ಲ. ಹೊರಡುವಾಗ ಯಂತ್ರವನ್ನು ನೋಡಿ, ಚೆನ್ನಾಗಿಟ್ಟುಕೊಂಡಿದ್ದೀರಿ ಎಂದರು.

ಮೊದಲನೆಯ ಭಾನುವಾರಕ್ಕೆ ಮುಂಚೆಯೇ ತಲುಪುವ ಹಾಗೆ ಒಂದು ಕಾರ್ಡು ಬರೆದೆ. ಕಚೇರಿಯಲ್ಲಿ ಕೆಲಸ ಹೆಚ್ಚು, ಬರಲಾಗುವುದಿಲ್ಲ, ಎಂದು. ಅವಳಿಗೆ ಓದು ಬಾರದು. ಊರಿನ ಮೇಷ್ಟರು ಓದಿ ಹೇಳಬೇಕು. ಎಲ್ಲರೆದುರಿಗೆ ಓದುವ ಕಾರ್ಡಿನಲ್ಲಿ ಗಂಡ ಹೆಂಡತಿಗೆ ಬರೆಯುವುದೇನಿರುತ್ತದೆ? ಎರಡನೆಯ ಭಾನುವಾರಕ್ಕೂ ಹಾಗೆಯೇ ಬರೆದೆ. ಗಲ್ಲದ ಮೇಲೆ ಕೂದಲು ರಾಗಿ ಪೈರಿನ ಮೊಳಕೆಯಷ್ಟು ಎದ್ದಿತ್ತು. ಇನ್ನೊಂದು ವಾರ ಎಂದುಕೊಂಡೆ. ನಡೆಯುವ ಕಷ್ಟ ತಪ್ಪಿತಲ್ಲ, ಭಾನುವಾರ ಮಲಗಬಹುದು ಎಂದು ದೇಹ ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ. ಆದರೆ ಮಲಗಿದರೆ ನಿದ್ದೆ ಬರಲಿಲ್ಲ. ಎದ್ದು ಕನ್ನಡಿ ನೋಡುವುದು, ಮತ್ತೆ ಮಲಗುವುದು. ಮೂರನೆಯ ಭಾನುವಾರಕ್ಕೆ ಕಾರ್ಡು ಬರೆಯಲೂ ಬೇಸರವಾಯಿತು. ಬರೆಯಲಿಲ್ಲ.

ಸೋಮವಾರ ಕಚೇರಿ ತೆರೆದು ಇನ್ನೂ ಒಂದು ಹಾಳೆ ಮುಗಿದಿರಲಿಲ್ಲ, ಕೈಲಾಂಚದ ಆಳೊಬ್ಬ ಬಾಗಿಲಲ್ಲಿ ನಿಂತಿದ್ದ. ಮಾವನ ಹೊಲದಲ್ಲಿ ಕೆಲಸಕ್ಕೆ ಬರುವವನು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚೆನ್ನಾಗೇ ಇದ್ದೀರಲ್ಲ ಬುದ್ಧಿ!” ಅಂದ. ಆಮೇಲೆ ವಿಷಯ ಹೇಳಿದ.

ಚನ್ನಪಟ್ಟಣದ ಪೇಟೆಯಲ್ಲಿ ಇಲಿ ಬೀಳುತ್ತಿವೆ, ಪ್ಲೇಗು ಬಂದಿದೆ ಎಂದು ಅವರ ಊರಲ್ಲಿ ಯಾರೋ ಎಬ್ಬಿಸಿದ್ದರು. ಹಾಗೇನೂ ಇರಲಿಲ್ಲ. ಆದರೆ ಮೂರು ವಾರದಿಂದ ಗಂಡನ ಮುಖ ಕಾಣದವಳಿಗೆ ಅಷ್ಟು ಸಾಕಾಗಿತ್ತು. ಕಾರ್ಡುಗಳನ್ನು ಬೇರೆ ಯಾರೋ ಬರೆದು ಹಾಕುತ್ತಿದ್ದಾರೆ, ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಮೂರನೆಯ ಭಾನುವಾರಕ್ಕೆ ಕಾರ್ಡೂ ಬರಲಿಲ್ಲ. ಅಂದು ಬೆಳಿಗ್ಗೆ ಅವಳಮ್ಮ ಹೊಲಕ್ಕೆ ಹೋದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಒಬ್ಬಳೇ ಕ್ಲೋಸ್‌ಪೇಟೆಯ ದಾರಿ ಹಿಡಿದಳು. ನಾನು ರೈಲಿನಿಂದ ಇಳಿಯುತ್ತೇನೋ ಇಲ್ಲವೋ ಕಣ್ಣಾರೆ ನೋಡಬೇಕೆಂದು! ಅರ್ಧ ದಾರಿಯಲ್ಲಿ ನೋವು ಬಂತು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಎತ್ತಿಕೊಂಡು ತಮ್ಮ ಮನೆಗೆ ಒಯ್ದರು. ಮನೆ ತುಂಬ ರೇಷ್ಮೆಹುಳು. ಹುಳು ಇರುವ ಕಡೆ ಹೆರಿಗೆಯಾಗಬಾರದಂತೆ, ಹುಳು ಸಾಯುತ್ತವಂತೆ. ಹೀಗಾಗಿ ದನದ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಅಲ್ಲೇ ಹೆಣ್ಣು ಕೂಸು ಹುಟ್ಟಿತು.

“ಕೂಸು?” ಅಂದೆ.

“ಉಸ್ರು ಐತೆ ಬುದ್ಧಿ. ಬಾಯಿ ಬಿಡ್ತಾ ಇಲ್ಲ.”

ನಾನು ರಜೆ ಕೇಳುವ ಮೊದಲೇ ಅಮಲ್ದಾರರು, “ಹೋಗಯ್ಯಾ, ಹೋಗು” ಎಂದರು. ಜವಾನನನ್ನು ಓಡಿಸಿ ತಾಯಿಗೆ ಸುದ್ದಿ ಮುಟ್ಟಿಸಿ, ನಾನು ಸಿಕ್ಕಿದ ರೈಲು ಹತ್ತಿದೆ. ಕೂರಲು ಜಾಗವಿತ್ತು, ಕೂರಲಿಲ್ಲ. ನಮ್ಮ ಕಡೆ ಒಂದು ಮಾತಿದೆ, ಏಳರಲ್ಲಿ ಹುಟ್ಟಿದ ಕೂಸು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು. ಇದು ಎಂಟೇ. ಕ್ಲೋಸ್‌ಪೇಟೆಯಲ್ಲಿ ಇಳಿದು ಆಳಿನ ಹಿಂದೆ ಬಿಸಿಲಿನಲ್ಲಿ ನಡೆಯುತ್ತ ನಡೆಯುತ್ತ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದೆ. ಎಲ್ಲಿಂದ ಎಣಿಸಿದರೂ ಎಂಟೇ ಬಂತು.

ಕೊಟ್ಟಿಗೆಗೆ ತೆಂಗಿನ ಗರಿಯ ತಡಿಕೆ ಕಟ್ಟಿ ಮರೆ ಮಾಡಿದ್ದರು. ಬಾಣಂತಿ ಇರುವ ಕಡೆ ಗಂಡಸು ಒಳಗೆ ಹೋಗುವ ಹಾಗಿಲ್ಲ. ಅತ್ತೆ ಹೊರಗೆ ಬಂದರು. ಸಾಮಾನ್ಯವಾಗಿ ನನ್ನ ಎದುರಿಗೆ ನಿಂತು ಮಾತಾಡದವರು ಆವತ್ತು ನೇರವಾಗಿ ನಿಂತರು.

“ಎಲ್ಲಿಗ್ ಹೋಗಿದ್ರಿ ಅಳಿಯಂದ್ರೇ? ಬದುಕಿರೋರು ಹಿಂಗ್ ಮಾಡ್ತಾರಾ?”

ಸುಳ್ಳು ಹುಡುಕುವ ತ್ರಾಣವೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ದೊರೆಗಳು ಬರುವುದಿತ್ತು, ಗಡ್ಡ ಬೋಳಿಸಬೇಕಾಯಿತು, ಅವಳು ನೋಡಿದರೆ ಹೆದರುತ್ತಾಳೆ ಎಂದು ಬೆಳೆಯುವ ತನಕ ಬರಲಿಲ್ಲ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಗಡ್ಡಕ್ಕಾ? ಬರೀ ಒಂದು ಗಡ್ಡಕ್ಕಾ? ಅಯ್ಯೋ ನಮ್ಮಪ್ಪ!”

ತಡಿಕೆಯ ಒಳಗಿನಿಂದ ಅವಳ ದನಿ ಬಂತು. ಬಹಳ ಸಣ್ಣಗಿತ್ತು, ಆದರೆ ಒಂದಕ್ಷರವೂ ತಪ್ಪದ ಹಾಗೆ ಕೇಳಿಸಿತು.

“ಬೋಳಿಸಿದ ಮುಖಾನ ನಾನ್ ಕಂಡಿಲ್ವಾ? ಮದುವೆ ದಿನ ಬೋಳಿಸ್ಕಂಡೇ ಅಲ್ವಾ ಬಂದಿದ್ದು?”

ನಾನು ಗಲ್ಲದ ಕೂದಲು ಸವರಿಕೊಂಡೆ. ಅವಳೇ ಮುಂದುವರಿಸಿದಳು.

“ಬಂದು ಬೇಲಿ ಆಚೆಗಾದ್ರೂ ನಿಂತ್ಕಂಡು ಒಂದ್ಕಿತ ಮುಖ ತೋರಿಸ್ಬುಟ್ಟು ಹೋಗಿದ್ರೆ ಆಗ್ತಿತ್ತು. ಬೈಯ್ತಿದ್ದೆ. ಬೈದು ಮಲ್ಗಿರ್ತಿದ್ದೆ ಮನೇಲಿ.”

ತಡಿಕೆಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತುಬಿಟ್ಟೆ. ಕೊಟ್ಟಿಗೆಯ ಹಸುವನ್ನು ಹೊರಗೆ ಹುಣಸೆಮರಕ್ಕೆ ಕಟ್ಟಿದ್ದರು. ಅದು ತನ್ನ ಜಾಗಕ್ಕೆ ಹೋಗಬೇಕೆಂದು ಹಗ್ಗ ಎಳೆಯುತ್ತಿತ್ತು. ಮನೆಯೊಳಗೆ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಹನಿಯುವ ಹಾಗೆ ಬಿಡದೆ ಬರುತ್ತಿತ್ತು. ಅಷ್ಟೊಂದು ಬಾಯಿಗಳು ತಿನ್ನುತ್ತಿವೆ, ನನ್ನ ಕೂಸಿನ ಒಂದು ಬಾಯಿ ತೆರೆಯುತ್ತಿಲ್ಲ ಎಂದು ಮನಸ್ಸು ಅದರಲ್ಲೇ ಸುತ್ತುತ್ತಿತ್ತು. ಸೂಲಗಿತ್ತಿ ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಮುಟ್ಟಿಸುತ್ತಿದ್ದಾಳೆಂದೂ, ಹಾಲು ಪಕ್ಕಕ್ಕೆ ಇಳಿದುಹೋಗುತ್ತಿದೆಯೆಂದೂ ಅತ್ತೆ ಹೇಳಿದರು. ನಿನ್ನೆಯಿಂದ ಹೀಗೆಯೇ ಅಂತೆ. ಅಂಗಾಲಿಗೆ ಚಿವುಟಿದರೂ ಅಳುವುದಿಲ್ಲವಂತೆ.

ಆ ಮನೆಯ ಯಜಮಾನಿ ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಯಾರ ಮನೆಯೋ ಏನೋ, ನಮ್ಮ ಹೆಸರು ಕೂಡ ಕೇಳಿರಲಿಲ್ಲ. ಕುಡಿಯಲು ಕೈ ಏಳಲಿಲ್ಲ. ತಡಿಕೆಗೆ ತಲೆ ಒರಗಿಸಿದೆ. ಗರಿಯ ಆಚೆ ಒಂದು ಗೇಣು ದೂರದಲ್ಲಿ ಅವಳು ಉಸಿರಾಡುವುದು ಕೇಳಿಸುತ್ತಿತ್ತು. ಅಷ್ಟು ಹತ್ತಿರದಲ್ಲಿ ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ.

ಎಚ್ಚರವಾದಾಗ ಹುಣಸೆಮರದ ನೆರಳು ನನ್ನ ಕಾಲಿನವರೆಗೆ ಬಂದಿತ್ತು. ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಸೂಲಗಿತ್ತಿಯ ದನಿಯಿಲ್ಲ, ಅತ್ತೆಯ ದನಿಯಿಲ್ಲ.

“ಏನಾಯ್ತು?” ಅಂದೆ. ಎದ್ದು ನಿಂತೆ. “ಏನಾಯ್ತು, ಯಾರಾದ್ರೂ ಹೇಳ್ರಪ್ಪ! ಕೂಸು...”

“ಶ್!” ಅಂದಳು ಹೆಂಡತಿ. “ಕುಡೀತಾ ಐತೆ. ಒಸಿ ಸುಮ್ಕಿರಿ.”

ನಾನು ಮತ್ತೆ ಮೆಲ್ಲಗೆ ಮಣ್ಣಿನ ಮೇಲೆ ಕೂತುಕೊಂಡು, ಸುಮ್ಮನಿದ್ದೆ.