ಟಚಪ್ ಅಕ್ಕ ಅಳಿಸದೆ ಬಿಟ್ಟ ಕಲೆ

ಬೆಳಗಿನ ಐದೂವರೆ. ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತು, ಓಟಗಾರನೊಬ್ಬನ ಹಣೆಯ ಬೆವರು ಒರೆಸುತ್ತಿದ್ದಾರೆ. ಬಟ್ಟೆಯಿಂದಲ್ಲ, ಮೌಸ್‌ನಿಂದ. ಒಂದು ಹನಿ ಅಳಿಸುತ್ತಾರೆ, ಹಿಂದಕ್ಕೆ ಒರಗಿ ನೋಡುತ್ತಾರೆ, ಮನಸ್ಸಿಗೆ ಬಾರದೆ ಅದನ್ನೇ ವಾಪಸು ತರುತ್ತಾರೆ.

"ಬೆವರು ಇರಬೇಕಂತೆ, ಆದ್ರೆ ನೀಟಾಗಿರಬೇಕಂತೆ," ಎನ್ನುತ್ತಾರೆ ನಮ್ಮ ಕಡೆ ತಿರುಗದೆ. "ಮೂವತ್ತೆಂಟು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ನೀಟಾದ ಬೆವರು ಹೇಗಿರುತ್ತೆ ಅಂತ ನನಗಿನ್ನೂ ಗೊತ್ತಾಗಿಲ್ಲ."

ಮುದ್ರಣಾಲಯದವರಿಗೆಲ್ಲ ಇವರು 'ಟಚಪ್ ಅಕ್ಕ'. ಎಂಟು ಗಂಟೆಗೆ ಪಕ್ಕದ ಯಂತ್ರಗಳು ಶುರುವಾದರೆ ಇವರ ಮೇಜು ಗಡಗಡ ನಡುಗುತ್ತದೆ; ಹುಬ್ಬು ತಿದ್ದಲು ಹೋದ ಕೈ ಕಿವಿಗೆ ಜಾರುತ್ತದೆ. ಅದಕ್ಕೇ ನಾಜೂಕಿನ ಮುಖಗಳೆಲ್ಲ ಬೆಳಗಿನ ಜಾವಕ್ಕೆ ಮೀಸಲು. ದಿನಕ್ಕೆ ಸುಮಾರು ನಲವತ್ತು ಮುಖ. ಮುನ್ನೂರಕ್ಕೆ ಕಮ್ಮಿ ಇಲ್ಲದಷ್ಟು ಮೊಡವೆ. ಮದುವೆಯ ಕಾಲದಲ್ಲಿ ಮೊಡವೆಗಳ ಲೆಕ್ಕ ಇಡುವುದನ್ನೇ ಬಿಡುತ್ತಾರೆ.

ಕೆಲಸ ಕಲಿತದ್ದು ಅಪ್ಪನ ಸ್ಟುಡಿಯೋದಲ್ಲಿ, ಹದಿನಾರನೇ ವಯಸ್ಸಿಗೆ. ಆಗ ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಲ್ಲಿ ತಿದ್ದಬೇಕಿತ್ತು. ಕಂಪ್ಯೂಟರ್ ಬಂದ ವರ್ಷ ಸ್ಟುಡಿಯೋ ಮುಚ್ಚಿತು, ಪೆನ್ಸಿಲ್ ಡಬ್ಬಿ ಸೇರಿತು. ನಲವತ್ತರ ಅಂಚಿನಲ್ಲಿ ಹೊಸದಾಗಿ ಮೌಸ್ ಹಿಡಿದರು. "ಮೊದಲ ದಿನವೇ ಒಬ್ಬ ಮದುಮಗನ ಮೂಗು ಅಳಿಸಿಬಿಟ್ಟೆ. ಎಲ್ಲಿ ಹೋಯ್ತು ಅಂತ ಸಂಜೆವರೆಗೂ ಹುಡುಕಿದ್ದೀನಿ."

ಇನ್ನೊಂದು ಸಲ ಹಿರಿಯರೊಬ್ಬರ ಕೆನ್ನೆಯ ಮಚ್ಚೆಯನ್ನು ಕಲೆಯೆಂದುಕೊಂಡು ತೆಗೆದಿದ್ದರು. ಗುರುತಿನ ಚೀಟಿಯಲ್ಲಿ 'ಬಲಗೆನ್ನೆಯ ಮೇಲೆ ಮಚ್ಚೆ' ಎಂದೇ ಬರೆದಿತ್ತು. ಆ ಪುಣ್ಯಾತ್ಮ ತಾನು ತಾನೇ ಎಂದು ಕಚೇರಿಯವರಿಗೆ ನಂಬಿಸುವಷ್ಟರಲ್ಲಿ ಅರ್ಧ ದಿನ ಕಳೆದಿತ್ತಂತೆ.

ಮನೆಯಲ್ಲಿ ಇವರಿಗೊಬ್ಬ ಪರೀಕ್ಷಕರಿದ್ದಾರೆ: ಬಸ್ ಚಾಲಕರಾಗಿ ನಿವೃತ್ತರಾದ ಯಜಮಾನರು. ತಿದ್ದುವ ಮುಂಚಿನದು, ತಿದ್ದಿದ ಮೇಲಿನದು, ಎರಡನ್ನೂ ಅವರ ಮುಂದೆ ಹಿಡಿಯುತ್ತಾರೆ. "'ಎರಡೂ ಒಂದೇ ಅಲ್ವೇನೇ?' ಅಂದ್ರೆ ಪಾಸ್. 'ಅಯ್ಯೋ, ಚೆನ್ನಾಗಿ ಮಾಡಿದ್ದೀಯ' ಅಂದ್ರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ."

ನಮ್ಮನ್ನು ಈ ಕೋಣೆಗೆ ಎಳೆದು ತಂದದ್ದು ಹೋದ ತಿಂಗಳ ಒಂದು ಪ್ರಸಂಗ. ಕ್ರೀಡಾ ತರಬೇತಿ ಕೇಂದ್ರವೊಂದು ಹುಡುಗಿಯರನ್ನು ಸೇರಿಸಿಕೊಳ್ಳಲು ಬ್ರೋಷರ್ ಮಾಡಿಸುತ್ತಿತ್ತು. ಮುಖಪುಟಕ್ಕೆ ಗುಂಡು ಎಸೆಯುವ ಆಟಗಾರ್ತಿಯ ಚಿತ್ರ. ಕೇಂದ್ರದ ಮ್ಯಾನೇಜರ್ ಕಳಿಸಿದ ಚೀಟಿಯಲ್ಲಿ ಮೂರು ಅಪ್ಪಣೆ: ತೋಳು ಸಣ್ಣ ಮಾಡಿ, ಕತ್ತಿನ ಕೊಳೆ ತೆಗೆಯಿರಿ, ಮುಖದಲ್ಲಿ ನಗು ತನ್ನಿ. "ದೊಡ್ಡ ಗಿರಾಕಿ. ಇವರು ಮುನಿಸಿಕೊಂಡ್ರೆ ನಿಮ್ಮ ಕುರ್ಚಿ ಉಳಿಯುತ್ತೆ ಅಂತ ನಾನು ಹೇಳಲಾರೆ," ಎಂದಿದ್ದರು ಮುದ್ರಣಾಲಯದ ಮಾಲೀಕರು.

ಅಕ್ಕ ಹೇಳಿದ್ದನ್ನು ಹೇಳಿದಂತೆ ಮಾಡಿದರು. ತೋಳು ಕರಗಿತು, ಕತ್ತು ಬೆಳ್ಳಗಾಯಿತು. ನಗುವಿಗೆ ಮಾತ್ರ ತಿಣುಕಾಡಬೇಕಾಯಿತು. ಇನ್ನೂರ ಹನ್ನೆರಡು ಚಿತ್ರಗಳಲ್ಲಿ ಹುಡುಗಿ ಹಲ್ಲು ಬಿಟ್ಟದ್ದು ಒಂದೇ ಒಂದರಲ್ಲಿ. ಆ ತುಟಿಗಳನ್ನು ತಂದು ಇಲ್ಲಿ ಕೂರಿಸಿದರು.

ಮರುದಿನ ಚಿತ್ರ ನೋಡಲು ಆಟಗಾರ್ತಿಯೇ ಬಂದಳು, ಬಾಗಿಲ ತುಂಬ ಭುಜ, ಹೆಗಲಲ್ಲಿ ಚೀಲ. ಪರದೆಯನ್ನು ಬಹಳ ಹೊತ್ತು ನೋಡಿದಳು.

"ಇದ್ಯಾರು ಅಕ್ಕ?"

"ನೀನೇ ಕಣಮ್ಮ."

"ಈ ತೋಳಲ್ಲಿ ಗುಂಡು ಎಸೆಯೋದಿರಲಿ, ಉಪ್ಪಿನಕಾಯಿ ಬಾಟ್ಲಿ ಮುಚ್ಚಳನೂ ತೆಗೆಯೋಕಾಗಲ್ಲ. ನಗು ಏನೋ ನಂದೇ, ಫೋಟೋಗ್ರಾಫರು ಸ್ಟೂಲಿಂದ ಬಿದ್ದಾಗಿಂದು. ಅದಿರಲಿ. ಆದ್ರೆ ಕತ್ತಿಂದು ಎಲ್ಲಿ?"

"ಕೊಳೇನಾ? ತೆಗೆದೆ."

ಹುಡುಗಿ ಚೀಲದಿಂದ ನಾಲ್ಕು ಕಿಲೋ ತೂಕದ ಕಬ್ಬಿಣದ ಗುಂಡು ತೆಗೆದು, ಅಕ್ಕನ ದವಡೆಯ ಕೆಳಗೆ ಇಟ್ಟು, "ಹಿಡ್ಕೊಳ್ಳಿ" ಎಂದಳು. ಅಕ್ಕ ಹಿಡಿದದ್ದು ಮೂರೇ ಉಸಿರು. ಗುಂಡು ಜಾರಿ ಮೇಜಿಗೆ ಬಿತ್ತು, ಕೀಬೋರ್ಡಿನ ಮೇಲೆ ಉರುಳಿತು, ನೆಲಕ್ಕೆ ಧಡಾರನೆ ಅಪ್ಪಳಿಸಿತು. ಯಂತ್ರ ಕೆಟ್ಟಿತೆಂದು ಮಾಲೀಕರು ಓಡಿ ಬಂದರು. ನೆಲದಲ್ಲಿ ಬಿದ್ದ ಗುಳಿಯನ್ನು ಅಕ್ಕ ನಮಗೆ ಕುರ್ಚಿ ಸರಿಸಿ ತೋರಿಸುತ್ತಾರೆ.

"ದಿನಕ್ಕೆ ಎಂಬತ್ತು ಸಲ ಅಲ್ಲೇ ಇಟ್ಕೋತೀನಿ ಅಕ್ಕ, ಹನ್ನೊಂದು ವರ್ಷದಿಂದ," ಎಂದಳಂತೆ ಹುಡುಗಿ. "ಶಾಲೇಲಿ ನನ್ನ ಭುಜ ನೋಡಿ ಎಲ್ಲರೂ ನಗೋರು. ಅದಕ್ಕೊಂದು ಬೆಲೆ ಬಂದಿದ್ದೇ ಈ ಕಲೆ ಬಿದ್ಮೇಲೆ."

ಅಕ್ಕನಿಗೆ ಆ ದಿನ ಊಟ ರುಚಿಸಲಿಲ್ಲ. ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಆ ಹುಡುಗಿಯ ಕತ್ತು. ಮರುದಿನ ಬೆಳಗಿನ ಜಾವವೇ ಬಂದು ಕೂತು, ತೋಳನ್ನು ಇದ್ದಂತೆಯೇ ಮರಳಿಸಿದರು, ಕಲೆಯನ್ನೂ ಮರಳಿಸಿದರು. ಹಿನ್ನೆಲೆಯಲ್ಲಿದ್ದ ನೀಲಿ ಬಕೆಟ್ ಅಳಿಸಿ, ಸುಕ್ಕಾಗಿದ್ದ ಅಂಗಿಯ ತೋಳಂಚು ನೆಟ್ಟಗೆ ಮಾಡಿ, ಮ್ಯಾನೇಜರ್‌ಗಾಗಿ ಕಾದರು.

ಮ್ಯಾನೇಜರ್ ಬಂದರು. ಕನ್ನಡಕ ಏರಿಸಿದರು. "ನೋಡಿದ್ರಾ ಮೇಡಂ, ತೋಳು ಸಣ್ಣ ಮಾಡಿದ್ಮೇಲೆ ಎಷ್ಟು ಲಕ್ಷಣವಾಗಿದೆ! ನಾನು ಹೇಳ್ಲಿಲ್ವಾ?" ಆಮೇಲೆ ಕತ್ತಿನ ಮೇಲೆ ಬೆರಳಿಟ್ಟರು. "ಇದ್ಯಾಕೆ ಹೋಗಿಲ್ಲ?"

"ಅದು ಕೊಳೆ ಅಲ್ಲ ಸರ್, ಗುಂಡು ಕೂರೋ ಜಾಗ. ಅದನ್ನ ಅಳಿಸಿದ್ರೆ ಆಟ ಗೊತ್ತಿರೋರು ನಗ್ತಾರೆ."

"ಗೊತ್ತು, ಗೊತ್ತು. ಅದನ್ನ ಬಿಡಿ ಅಂತ ನಾನೇ ಹೇಳೋನಿದ್ದೆ."

ತೋಳಿನ ವಿಷಯ ಈಗ ಪತ್ರಿಕೆಯಲ್ಲಿ ಬಂದರೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆವು. ಅಕ್ಕ ನಗುತ್ತಾರೆ. "ಬರೀರಿ. ನಾನು ಸುಳ್ಳು ಹೇಳಿಲ್ಲ, ಅವರು ಕೇಳಿಲ್ಲ. ಬ್ರೋಷರ್ ಹಂಚಿಯೂ ಆಯ್ತು, ಎರಡನೇದೂ ನನ್ನ ಕೈಗೇ ಕೊಟ್ಟಿದ್ದಾರೆ." ಆ ಎರಡನೆಯದರಲ್ಲೇ ಇದೆ, ಈ ಓಟಗಾರನ ನೀಟಾದ ಬೆವರು.

ಹಂಚಿದ ವಾರವೇ ತಾಯಿಯೊಬ್ಬರು ಅಗಲ ಭುಜದ ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದರಂತೆ. ಮಗಳು ಮುಖಪುಟದ ಮೇಲೆ ಬೆರಳಿಟ್ಟು, "ಇವರನ್ನ ನೋಡ್ಬೇಕು" ಎಂದಳಂತೆ. ಈ ಸುದ್ದಿ ಹೇಳಲು ಆಟಗಾರ್ತಿ ಮುದ್ರಣಾಲಯಕ್ಕೇ ಬಂದಿದ್ದಳು. ಈ ಸಲ ಮಾಲೀಕರು ಚೀಲವನ್ನು ಹೊರಗೇ ಇಡಿಸಿದರು.

ಹೊರಡುವ ಮುನ್ನ, ಈ ಲೇಖನಕ್ಕೆ ನಿಮ್ಮದೊಂದು ಚಿತ್ರ ಬೇಕು ಎಂದೆವು. ಅಕ್ಕ ಸೆರಗು ಸರಿಮಾಡಿಕೊಂಡರು. "ಈಗಲೇ ಬೇಡ. ಒಂದರ್ಧ ಗಂಟೆ ಟೈಮ್ ಕೊಡಿ, ನಾನೇ ಕಳಿಸ್ತೀನಿ."

ಚಿತ್ರ ಬಂದದ್ದು ಮೂರು ದಿನದ ಮೇಲೆ, ಜೊತೆಗೊಂದು ಸಾಲು: "ಕಣ್ಣಿನ ಕೆಳಗಿನ ಕಪ್ಪು ಹಾಗೇ ಬಿಟ್ಟಿದ್ದೀನಿ, ಅದು ದುಡಿದು ಬಂದದ್ದು. ಗಲ್ಲದ ಕೆಳಗಿಂದು ಸ್ವಲ್ಪ ತೆಗೆದಿದ್ದೀನಿ, ಅದು ಬರೀ ಕೂತು ಬಂದದ್ದು."