ಬಿರುಕಿಗೆ ಅಂಟಿಸಿದ ಗಾಜು

ನಮ್ಮಪ್ಪ ಗಾರೆ ಮೇಸ್ತ್ರಿ. ಜೊತೆಯವರು ಅವರನ್ನು ಬೆಣ್ಣೆ ಮೇಸ್ತ್ರಿ ಎಂದೇ ಕರೆಯುವುದು, ಗೋಡೆ ಅಷ್ಟು ನುಣುಪು. ಯಾರ ಮನೆಗೆ ಹೋದರೂ ಯಜಮಾನರ ಮುಖಕ್ಕಿಂತ ಮೊದಲು ಗೋಡೆಯ ಮುಖ ನೋಡುವ ಮನುಷ್ಯ. ಅಂಥವರ ಸ್ವಂತ ಮನೆಯ ನಡುಗೋಡೆಯೇ ಬಿರುಕು ಬಿಟ್ಟರೆ ಅವರ ಗತಿ ಏನಾಗಬೇಡ?

ಪಕ್ಕದ ಸೈಟಿನಲ್ಲಿ ಬಿಲ್ಡರೊಬ್ಬ ಎರಡು ಅಂತಸ್ತಿನ ಆಳಕ್ಕೆ ನೆಲ ಅಗೆಸುತ್ತಿದ್ದ. ಯಂತ್ರ ಗುದ್ದಿದಾಗಲೆಲ್ಲ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಬಿರುಕಿನ ಫೋಟೊ ತೆಗೆದಿಡುತ್ತಿದ್ದರು. ಅಪ್ಪ ಕೆಲಸದಿಂದ ಬಂದವರೇ ಕೈಕಾಲು ಕೂಡ ತೊಳೆಯದೆ ಕರಣೆ ಹಿಡಿದು ಅದನ್ನು ಮುಚ್ಚಿದರು. ಬಿಟ್ಟಾಗಲೆಲ್ಲ ಮುಚ್ಚಿದರು. ಮೇಸ್ತ್ರಿ ಮನೆಯ ಗೋಡೆಯೇ ಬಾಯಿ ಬಿಟ್ಟಿದೆ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಭಯ. ನನಗೆ ಈಗ ನೆನೆದರೂ ಮೈ ಉರಿಯುತ್ತದೆ.

ಕೊನೆಗೆ ಬಿರುಕು ಬೆರಳು ತೂರುವಷ್ಟಾಯಿತು. ಮನೆಗೆ ವಿಮೆ ಇತ್ತು. ಕಂಪನಿಯ ಸರ್ವೇಯರ್ ಬಂದು ಕೆರೆದು ನೋಡಿದ. ಒಂದರ ಮೇಲೊಂದು ಹನ್ನೊಂದು ಪದರ ಗಾರೆ.

"ಇದು ಪಾಲಿಸಿ ಮಾಡ್ಸೋಕೆ ಮುಂಚಿನ ಬಿರುಕು. ಎಷ್ಟು ಸಲ ರಿಪೇರಿ ಆಗಿದೆ ನೀವೇ ನೋಡಿ" ಎಂದು ಬರೆದುಕೊಂಡು ಹೋದ. ನಾವು ಕಂಪನಿ, ಬಿಲ್ಡರ್ ಇಬ್ಬರ ಮೇಲೂ ಕೋರ್ಟಿಗೆ ಹೋದೆವು. ಬಿಲ್ಡರನ ವಕೀಲ, ಮನೆ ಕಟ್ಟಿದವನ ಕೆಲಸವೇ ಕಳಪೆ ಎಂದು ವಾದಿಸಿದ. ಮನೆ ಕಟ್ಟಿದವರು ಅಪ್ಪನೇ. ವಿಮೆ ತಪ್ಪಿದ್ದಕ್ಕಿಂತ ಈ ಮಾತು ಅವರನ್ನು ಹೆಚ್ಚು ಚುಚ್ಚಿತು.

ಕೋರ್ಟು ಒಬ್ಬ ಎಂಜಿನಿಯರಮ್ಮನನ್ನು ಕಳಿಸಿತು. ಆಕೆ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆದರು.

"ಗೋಡೆ ಈಗ್ಲೂ ಜರುಗ್ತಾ ಇದ್ರೆ ಗಾಜು ಒಡೆಯುತ್ತೆ. ಆಗ ತಪ್ಪು ಪಕ್ಕದವರದ್ದು. ಒಡೀದಿದ್ರೆ ಹಳೇ ಬಿರುಕು ಅಂತ ಬರೀತೀನಿ. ಮೂರು ವಾರ ಯಾರೂ ಮುಟ್ಬೇಡಿ."

ಬಿಲ್ಡರನೇನು ಪೆದ್ದನೇ? ಮರುದಿನವೇ ಪಕ್ಕದ ಯಂತ್ರ ಬಾಯಿ ಮುಚ್ಚಿತು.

ಅಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಾಜಿನ ಮುಂದೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಚಪ್ಪಲಿ ಹಾಕಿಕೊಂಡವರು ಬಾಗಿಲಿಂದ ವಾಪಸು ಬಂದು ಇನ್ನೊಮ್ಮೆ ನೋಡಿ ಕೆಲಸಕ್ಕೆ ಹೊರಡುತ್ತಿದ್ದರು.

"ಹಂಗೆ ನೋಡ್ಬೇಡಿ, ಗಾಜಿಗೆ ದೃಷ್ಟಿ ಆಗುತ್ತೆ" ಎಂದರು ಅಮ್ಮ.

"ದೃಷ್ಟಿಗಾದ್ರೂ ಒಡೀಲಿ ಬಿಡೆ."

ಹದಿನೆಂಟು ದಿನ ಕಳೆದರೂ ಗಾಜು ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. "ಅಪ್ಪ, ಕರಣೆ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿದ್ರೆ ಸಾಕು. ಯಾರಿಗೆ ಗೊತ್ತಾಗುತ್ತೆ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹನ್ನೊಂದು ಸಲ ಮುಚ್ಚಿಟ್ಟು ಇಲ್ಲಿಗೆ ಬಂದಿದೀವಿ. ಮುಚ್ಚಿಡೋ ಕೆಲಸ ಇನ್ನು ಬೇಡ."

ಮುಂದಿನ ವಿಚಾರಣೆಯಲ್ಲಿ, ತುಂಬಿದ ಕೋರ್ಟಿನಲ್ಲಿ, ನಾಚಿಕೆಗೆ ಹೆದರಿ ಬಿರುಕು ಮುಚ್ಚಿದವನು ತಾನೇ ಎಂದು ಒಪ್ಪಿಕೊಂಡರು. ಗಾಜು ಅಂಟಿಸಿದ ಮರುದಿನದಿಂದ ಯಂತ್ರ ನಿಂತಿದೆ ಎಂಬುದನ್ನೂ ಹೇಳಿದರು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಂಡಿತು. ನ್ಯಾಯಾಧೀಶರು, ಅಗೆತ ನಡೆಯುತ್ತಿರುವಾಗಲೇ ಇನ್ನೂ ಮೂರು ವಾರ ನೋಡಿ ಎಂದು ಆದೇಶಿಸಿದರು.

ಯಂತ್ರ ಮತ್ತೆ ಶುರುವಾದ ಎರಡನೇ ದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಟಕ್ ಎಂದಿತು. ಓಡಿಹೋಗಿ ನೋಡಿದರೆ ಗಾಜು ನಡುಮಧ್ಯೆ ಎರಡು ಹೋಳು.

"ಗೆದ್ವಿ ಅಪ್ಪ" ಎಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಪ್ಪ ನಗಲಿಲ್ಲ. ಎಂಜಲು ಕೈಯನ್ನು ಹಿಂದೆ ಹಿಡಿದು, ಎಡಗೈ ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತರು.

"ಕಾಗದಪತ್ರ ತಗೊಂಡು ಇಬ್ರೂ ಆಚೆ ನಡೀರಿ."

"ಊಟ ಅರ್ಧಕ್ಕೇ..." ಎಂದರು ಅಮ್ಮ.

"ಇರ್ಲಿ, ನಡಿ. ಈ ಮನೆ ಇನ್ನು ನಿಲ್ಲಲ್ಲ."